ಕೆರೆಯಂಗಳದ ಗಾಲ್ಫು

ಗಾಲ್ಫ್ ಎಂದೊಡನೆ ಕಣ್ಣಿಗೆ ಕಟ್ಟುವುದು ಹಸಿರು ಹುಲ್ಲು, ಬಿಳಿಯ ಟೊಪ್ಪಿಗೆ, ಚೀಲ ಹೊರಲೊಬ್ಬ ಹುಡುಗ. ನಂದಿಬೆಟ್ಟದ ತಪ್ಪಲಿನಲ್ಲಿ ಹದಿನೆಂಟು ಕುಳಿಗಳ ಅಂಥದೊಂದು ಮೈದಾನ ಉಂಟು. ಸಾಮಾನ್ಯರಿಗೆ ಅದರ ಬೇಲಿಯ ದರ್ಶನವಷ್ಟೇ ಲಭ್ಯ.

ಆದರೆ ಈ ಆಟದ ಜಾತಕ ಬಿಡಿಸಿದರೆ ಕಥೆಯೇ ಬೇರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಕಡಲಂಚಿನ ಹುಲ್ಲುಬಯಲು ಅಲ್ಲಿಯವರಿಗೆ ಗೋಮಾಳವಿದ್ದಂತೆ. ಅಲ್ಲಿ ಗಾಲ್ಫ್ ಆಡುವ ಹಕ್ಕು ಊರವರದೆಂದು 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಸನ್ನದಿನಲ್ಲಿ ಒಪ್ಪಿಕೊಂಡನು. ಮೊಲ ಸಾಕುವ ಹಕ್ಕನ್ನು ಮಾತ್ರ ತಾನಿಟ್ಟುಕೊಂಡನು. ಇಂದಿಗೂ ಆ ಬಯಲು ಸಾರ್ವಜನಿಕರದೇ. ಹಳೆಯ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟ ನಿಲ್ಲಿಸಿ ಜನರ ತಿರುಗಾಟಕ್ಕೆ ಬಿಡುತ್ತಾರೆ. 1876ರಲ್ಲಿ ಬೆಂಗಳೂರಿಗೆ ಬಂದಾಗ ಮಾತ್ರ ಅದು ಕ್ಲಬ್ಬಿನ ಆಟವಾಗಿಯೇ ಬಂದಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಊರಿಗೊಬ್ಬರಂತೆ ನಾಲ್ವರು ಗೆಳೆಯರು. ಒಂದೇ ಹೈಸ್ಕೂಲಿನ ಒಂದೇ ಬೆಂಚಿನವರು. ಗೌರಿಬಿದನೂರಿನವರು ನಿವೃತ್ತ ಮೇಷ್ಟ್ರು. ಶಿಡ್ಲಘಟ್ಟದವರು ರೇಷ್ಮೆನೂಲು ಬಿಚ್ಚುವವರು. ಚಿಂತಾಮಣಿಯವರು ಕಡಲೆಕಾಯಿ ವ್ಯಾಪಾರಿ. ಚಿಕ್ಕಬಳ್ಳಾಪುರದವರು ದ್ರಾಕ್ಷಿ ಬೆಳೆಗಾರರು. ವರ್ಷಕ್ಕೊಮ್ಮೆ ರಾಗಿಯ ಕಣ ಮುಗಿದ ಮೇಲೆ ಹುಣಿಸೆಯ ದಾಂಡೊಂದನ್ನೂ ನಾಲ್ಕಾರು ಚಿನ್ನಿಗಳನ್ನೂ ಚೀಲಕ್ಕೆ ಹಾಕಿ ಅವರು ಸರಕಾರಿ ಬಸ್ಸು ಹತ್ತುವರು. ದಿನಕ್ಕೊಂದು ಊರು, ಊರಿಗೊಂದು ಪಂದ್ಯ. ಬಸ್ಸಿನ ಛಾರ್ಜು, ಕಾಫಿ, ಮುದ್ದೆಯೂಟ—ಖರ್ಚು ಇಷ್ಟೇ.

“ಇದೇ ನಮ್ಮ ಗಾಲ್ಫು” ಎಂದು ಮೇಷ್ಟ್ರ ವಾದ. ಕೋಲಿದೆ, ಕುಳಿಯಿದೆ, ಬಯಲಿದೆ. ಅಲ್ಲಿ ಕುಳಿಗೆ ಬಿದ್ದರೆ ಗೆಲುವು, ಇಲ್ಲಿ ಕುಳಿಯಿಂದ ದೂರ ಹೋದಷ್ಟೂ ಗೆಲುವು, ವ್ಯತ್ಯಾಸವೆಂದರೆ ಅಷ್ಟೇ.

ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಒಣಪಾತ್ರವೇ ಮೈದಾನ. ಮೊದಲು ವಿದುರಾಶ್ವತ್ಥಕ್ಕೆ ಹೋಗಿ ಕೈಮುಗಿದು ಬರುವುದು ವಾಡಿಕೆ. ಬಯಲಿನಲ್ಲಿ ಸೇರಿದ್ದೇ ಅಪರಾಧವಾಗಿ 1938ರ ಏಪ್ರಿಲ್ 25ರಂದು ಗುಂಡೇಟಿಗೆ ಬಿದ್ದವರ ನೆಲವದು. ಶಿಡ್ಲಘಟ್ಟದಲ್ಲಿ ಗೂಡಿನ ಹರಾಜು ಮುಗಿಯುವತನಕ ಆಟವಿಲ್ಲ. ಚಿಂತಾಮಣಿಯಲ್ಲಿ ಕೆರೆಯಂಗಳ, ಅಲ್ಲಿ ದಾಂಡಿನಿಂದ ದೂರ ಅಳೆಯುವವರು ವ್ಯಾಪಾರಿಗಳು. ಮೇಷ್ಟ್ರು ಕೂಗುವರು: “ಲೋ, ಇದು ಕಡಲೆಕಾಯಿ ತಕ್ಕಡಿಯಲ್ಲ, ಸರಿಯಾಗಿ ಅಳೆಯೋ!”

ಒಂದು ವರ್ಷ ಕೊನೆಯ ಪಂದ್ಯಕ್ಕೆಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೋದರೆ ಮೈದಾನವೇ ಇಲ್ಲ! ಏರಿಯವರೆಗೆ ನೀರು. ನಿತ್ಯ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಬರತೊಡಗಿತ್ತು. ಮೇಷ್ಟ್ರು ದಾಂಡು ಹಿಡಿದು ಮಂಕಾಗಿ ನಿಂತರು.

ದ್ರಾಕ್ಷಿಯವರು ಮೆಲ್ಲಗೆ ಹೇಳಿದರು: “ಆಟಕ್ಕೆ ಬೇರೆ ಬಯಲು ಸಿಕ್ಕೀತು ಕಣೋ. ಬತ್ತಿದ ನನ್ನ ಕೊಳವೆಬಾವಿಗೆ ಬೇರೆ ಕೆರೆ ಎಲ್ಲಿದೆ?”

“ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಬೇಕು ಎನ್ನುತ್ತಾರಲ್ಲ?” ಎಂದರು ರೇಷ್ಮೆಯವರು.

“ಬೇಕೇ ಬೇಕು. ಕೇಳೋಣ. ಆದರೆ ಕೇಳುವುದಕ್ಕೆ ಕೆರೆಯಾದರೂ ಉಳಿದಿದೆಯಲ್ಲ!”

ಯಾರೂ ಮಾತನಾಡಲಿಲ್ಲ. ಮಕ್ಕಳಾಗಿದ್ದಾಗ ಆಡಿದ ಎಷ್ಟೋ ಬಯಲುಗಳು ಈಗ ಮನೆ, ಮಳಿಗೆ, ಕಾಂಪೌಂಡುಗಳಾಗಿವೆ. ಅಲ್ಲಿ ಚಿನ್ನಿಯೂ ಹಾರದು, ನೀರೂ ನಿಲ್ಲದು. ಈ ಕೆರೆ ಬರಡಾಗಿದ್ದಾಗ ಹುಡುಗರದಾಗಿತ್ತು, ತುಂಬಿದಾಗ ರೈತರದಾಯಿತು. ಎರಡು ಕಾಲಕ್ಕೂ ಊರಿನದೇ.

ಮೇಷ್ಟ್ರು ಚಿನ್ನಿಯನ್ನು ಜೇಬಿಗೆ ಸೇರಿಸಿದರು. ಮುಂದಿನ ವರ್ಷ ಪಿನಾಕಿನಿಯಲ್ಲಿಯೂ ನೀರಿದ್ದರೆ ಗತಿಯೇನೆಂದು ವ್ಯಾಪಾರಿಗಳು ಕೇಳಿದರು. ಹಾಗಾದರೆ ದಾಂಡನ್ನೇ ಊರುಗೋಲು ಮಾಡಿಕೊಂಡು ದಂಡೆಯ ಮೇಲೆ ನಡೆಯುವುದೆಂದು ತೀರ್ಮಾನವಾಯಿತು. ವಯಸ್ಸಿಗೂ ಅದೇ ಒಪ್ಪುವಂತಿತ್ತು.