ಅಪ್ಪನ ಕೋವಿ ಗುಜರಿಗೆ ಹೋಗಬಾರದು

ಚುನಾವಣೆ ಬಂತೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಇನ್ನೊಂದು ಮೆರವಣಿಗೆ ಹೊರಡುತ್ತದೆ. ಹಳೆ ಲುಂಗಿಯಲ್ಲೋ ಗೋಣಿಯಲ್ಲೋ ಸುತ್ತಿದ ಕೋವಿ ಹಿಡಿದುಕೊಂಡು ಅಡಿಕೆ ಕೃಷಿಕರು ಪೊಲೀಸ್ ಠಾಣೆಗೆ ಹೋಗುತ್ತಾರೆ. ನನ್ನ ಅಪ್ಪನೂ ಪ್ರತಿ ಸಲ ಹೋಗುತ್ತಿದ್ದರು. "ಓಟು ಮುಗಿಯುವವರೆಗೆ ಮಂಗಗಳಿಗೆ ಹಬ್ಬ" ಅಂತ ಅಮ್ಮನ ಹತ್ರ ಗೊಣಗಿಕೊಂಡೇ.

ಕಳೆದ ಸಲ ಕೊಟ್ಟು ಬಂದ ಕೋವಿಯನ್ನು ವಾಪಸ್ ತರಲು ಅಪ್ಪ ಉಳಿಯಲಿಲ್ಲ.

ಅದೇನೂ ದೊಡ್ಡ ಆಯುಧವಲ್ಲ. ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಯಿಂದ ಮದ್ದು ತುಂಬಿಸಿ, ಕೋಲಿನಿಂದ ಜಡಿದು, ಹಿಂದೆ ಕೇಪು ಇಟ್ಟು ಕುದುರೆ ಎಳೆಯಬೇಕು. ಅಪ್ಪ ಈಡು ಹೊಡೆಯುತ್ತಿದ್ದದ್ದು ಆಕಾಶಕ್ಕೆ. ಆ ಸದ್ದಿಗೇ ಮಂಗಗಳು ಗುಡ್ಡೆ ಸೇರುತ್ತಿದ್ದವು, ರಾತ್ರಿ ಹಂದಿಗಳು ತೋಟ ಬಿಡುತ್ತಿದ್ದವು. ಆಯುಧ ಪೂಜೆಯ ದಿನ ಕತ್ತಿ, ಹಾರೆ, ಪಿಕ್ಕಾಸಿನ ಪಕ್ಕ ಅದಕ್ಕೂ ಗಂಧ, ಹೂವು. ಮರದ ಹಿಡಿಯಲ್ಲಿ ಅಜ್ಜನ ಕೈ, ಅಪ್ಪನ ಕೈ ತಾಗಿ ತಾಗಿ ನಯವಾದ ಜಾಗ ಒಂದುಂಟು.

ಠಾಣೆಗೆ ಹೋದೆ. "ಲೈಸೆನ್ಸ್ ಇದ್ದವರೇ ತೀರಿಕೊಂಡ ಮೇಲೆ ನಿಮ್ಮ ಕೈಗೆ ಕೊಡ್ಲಿಕ್ಕೆ ಆಗುದಿಲ್ಲ ಅಕ್ಕಾ" ಎಂದರು. ಅವರು ಹೇಳಿದ್ದು ಸರಿಯೇ. ಬೆಂಗಳೂರಿನ ತಮ್ಮನಿಗೆ ಫೋನ್ ಮಾಡಿದರೆ, "ಆ ತುಕ್ಕು ಕಬ್ಬಿಣಕ್ಕೆ ಯಾರು ಓಡಾಡುದು? ಸರೆಂಡರ್ ಮಾಡಿ ಬಿಡು" ಅಂದ.

ಸರೆಂಡರ್ ಮಾಡಿದರೆ ಮುಂದೆ ಎಂತ ಆಗ್ತದೆ ಅಂತ ವಿಚಾರಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಠಾಣೆಯಲ್ಲಿಟ್ಟ ಕೋವಿಯನ್ನು ವಾರಸುದಾರರು ನಿಗದಿತ ಅವಧಿಯೊಳಗೆ ಲೈಸೆನ್ಸ್ ಮಾಡಿಸಿ ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಿಗೆ ಮಾರಬಹುದು. ಎರಡೂ ಆಗದಿದ್ದರೆ ಅದು ಸರ್ಕಾರದ್ದು. ಹಾಗೆ ಹೋದ ಹಳೆ ಕೋವಿ ತುಂಡಾಗಿ ಗುಜರಿ ಸೇರುವುದೇ ಹೆಚ್ಚು. ರಿಪೇರಿ ಮಾಡಿದರೂ ಹಾರದ ಓಬೀರಾಯನ ಕಾಲದ ಕೋವಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವಂತೆ. ಆದರೆ ನಮ್ಮದು ಇನ್ನೂ ಹಾರುತ್ತದಲ್ಲ!

ಘಟ್ಟ ಹತ್ತಿದರೆ ಸಿಗುವ ಕೊಡಗಿನ ಕತೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿ ಇಟ್ಟು ಪೂಜಿಸುತ್ತಾರೆ. ನಮ್ಮ ಸುಳ್ಯದ ರೈತರೂ 1837ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದು, ಮಂಗಳೂರಿನವರೆಗೆ ನಡೆದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿದವರೇ. ಆ ನೆನಪಿಗೆ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅಲ್ಲಿ ನಿಂತಿದೆ. ಆದರೆ ಮನೆಮನೆಯ ಅಟ್ಟದಲ್ಲಿದ್ದ ಕೋವಿಗಳು ಒಂದೊಂದಾಗಿ ಸದ್ದಿಲ್ಲದೆ ಹೋಗುತ್ತಿವೆ. ಅವುಗಳಿಗೆ ಪ್ರತಿಮೆ ಯಾರು ಮಾಡುತ್ತಾರೆ?

ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ. 2016ರ ನಿಯಮದಂತೆ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಲು ಅರ್ಜಿ ಹಾಕಬಹುದು. ಅಪ್ಪನಿಗೆ ಎರಡೂ ಆಗಿತ್ತು. ತೋಟದ ಪಹಣಿ, ಬ್ಯಾಂಕಿನ ನಾಮಿನಿ ಎಲ್ಲ ನೋಡಿದ ನಾವು ಇದೊಂದನ್ನು ಕೇಳಲೇ ಇಲ್ಲ. ಕೇಳಿದರೆ "ನೀವು ಹೋಗ್ತೀರಿ" ಅಂದಹಾಗೆ ಆಗ್ತದೇನೋ ಅಂತ ಹೆದರಿಕೆ.

ಕೋವಿ ಆಟದ ಸಾಮಾನಲ್ಲ, ಗೊತ್ತು. ಕೀಲಿಯಿಲ್ಲದೆ ಇಡುವಂಥದ್ದೂ ಅಲ್ಲ. ಅದಕ್ಕೇ ಕಾಗದಪತ್ರ ಸರಿಯಾಗಿಯೇ ಮಾಡಿಸಬೇಕು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ, ಹಿರಿಯರು ಇರುವಾಗಲೇ ಕೇಳಿ.

ಕಳೆದ ವಾರ ನನ್ನ ಹೆಸರಲ್ಲೇ ಅರ್ಜಿ ಹಾಕಿದೆ. "ಹೆಂಗಸರಿಗೆ ಕೋವಿ ಎಂತಕ್ಕೆ?" ಅಂತ ಸಾಲಿನಲ್ಲಿ ನಿಂತಿದ್ದ ಒಬ್ಬರು ನಕ್ಕರು. ತೋಟ ನೋಡಿಕೊಳ್ಳುವುದು ನಾನೇ ಅಲ್ವಾ? ಮಂಗಗಳಿಗೆ ಹೆಂಗಸು, ಗಂಡಸು ಅಂತ ಭೇದ ಇಲ್ಲ ಮಾರಾಯ್ರೆ.