ಮೂರು ಬೀಗದ ಸಂದೂಕ

ತಾಂಜಾನಿಯಾದ ಮೋಶಿ ಪಟ್ಟಣದ ಹತ್ತಿರದ ಆ ಹಳ್ಳಿಯಲ್ಲಿ ಹೆಂಗಸರೆಲ್ಲ ನನ್ನನ್ನು ‘ಮಾಮಾ’ ಎಂದು ಕರೆದಾಗ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಮಾಮ ಅಂದರೆ ಸೋದರಮಾವ, ಸ್ವಾಹಿಲಿಯಲ್ಲಿ ಅಮ್ಮ! ಮಕ್ಕಳಂತೂ ಎದುರಾದಾಗಲೆಲ್ಲ ‘ಶಿಕಮೋ’ ಎನ್ನುತ್ತಿದ್ದವು. ಹಿರಿಯರಿಗೆ ಮಾಡುವ ನಮಸ್ಕಾರ ಅದು. ನಾವು ‘ಮರಹಬಾ’ ಎನ್ನಬೇಕು.

ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಕ್ಯಾಷಿಯರ್ ಆಗಿದ್ದವಳು ನಾನು. ನಿವೃತ್ತಿಯ ನಂತರ ಮನೆಯಲ್ಲಿ ಕೂತು ಬೇಸರವಾಗಿ, ಮಗಳ ಗೆಳತಿಯ ಮೂಲಕ ಮೂರು ತಿಂಗಳ ಮಟ್ಟಿಗೆ ಸ್ವಯಂಸೇವಕಿಯಾಗಿ ಅಲ್ಲಿಗೆ ಹೋದೆ. ಹೆಂಗಸರ ಉಳಿತಾಯದ ಗುಂಪಿಗೆ ಲೆಕ್ಕ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಅದಕ್ಕೆಂದೇ ನಾಲ್ಕು ಲೆಡ್ಜರ್ ಹೊತ್ತೊಯ್ದಿದ್ದೆ.

ಬಾಳೆಗಿಡಗಳ ನೆರಳಲ್ಲಿ ಸಭೆ. ನಡುವೆ ಒಂದು ತಗಡಿನ ಪೆಟ್ಟಿಗೆ. ಅದಕ್ಕೆ ಅವರ ಹೆಸರು ‘ಸಂದೂಕು’. ನಮ್ಮಜ್ಜಿಯ ಬಾಯಲ್ಲಿದ್ದ ಮಾತು ಅಷ್ಟು ದೂರದಲ್ಲಿ ಕೇಳಿ ಮೈ ಜುಮ್ಮೆಂದಿತು. ಅದಕ್ಕೆ ಮೂರು ಬೀಗ. ಕೀಲಿಗಳು ಮೂವರ ಹತ್ತಿರ, ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ. ವಾರಕ್ಕೊಮ್ಮೆ ಒಬ್ಬೊಬ್ಬರೂ ಒಂದರಿಂದ ಐದು ಷೇರು ಕೊಳ್ಳಬಹುದು. ಪ್ರತಿ ಷೇರಿಗೂ ಪಾಸ್‌ಬುಕ್ಕಿನಲ್ಲಿ ಒಂದು ಮುದ್ರೆ. ಓದು ಬಾರದವಳೂ ಮುದ್ರೆ ಎಣಿಸಬಲ್ಲಳಲ್ಲ! ಕೂಡಿದ ಹಣದಿಂದಲೇ ಸಾಲ. ವರ್ಷ ಮುಗಿದಾಗ ಬಡ್ಡಿ ಸಮೇತ ಹಂಚಿಕೊಂಡು ಮತ್ತೆ ಹೊಸದಾಗಿ ಶುರು. ನಮ್ಮ ಸ್ತ್ರೀಶಕ್ತಿ ಸಂಘಗಳಿಗಿರುವಂತೆ ಬ್ಯಾಂಕ್ ಸಾಲದ ನಂಟು ಇವರಿಗಿರಲಿಲ್ಲ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಆರಂಭಿಸಿದ ಪದ್ಧತಿಯಂತೆ ಇದು.

ಸಭೆಯ ಕೊನೆಗೆ ಪೆಟ್ಟಿಗೆಯಲ್ಲಿ ಉಳಿದ ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಾರೆ, ಎಲ್ಲರೂ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಮುಂದಿನ ವಾರ ಬೀಗ ತೆಗೆಯುವ ಮೊದಲು ಅದನ್ನೇ ಒಪ್ಪಿಸಬೇಕು. ನನ್ನ ಲೆಡ್ಜರುಗಳು ಚೀಲದಲ್ಲೇ ಉಳಿದವು.

ಐದನೇ ವಾರ ಒಂದು ಎಡವಟ್ಟು ಮಾಡಿದೆ. ಬಾಳೆಕಾಯಿ ಮಾರುವ ಹೆಂಗಸೊಬ್ಬಳಿಗೆ ಸಾಲದ ಕಂತು ಕಟ್ಟಬೇಕಿತ್ತು. ಮಗುವಿಗೆ ಜ್ವರ ಬಂದು ಕೈ ಖಾಲಿಯಾಗಿತ್ತು. ದಾರಿಯಲ್ಲಿ ಅವಳ ಮುಖ ನೋಡಲಾರದೆ ಇಪ್ಪತ್ತು ಸಾವಿರ ಶಿಲಿಂಗ್ ಕೈಗೆ ತುರುಕಿದೆ. ನಮ್ಮ ದುಡ್ಡಿನಲ್ಲಿ ಅದೇನೂ ದೊಡ್ಡ ಮೊತ್ತವಲ್ಲ. ಊರಲ್ಲಿ ಮನೆಗೆಲಸದವಳಿಗೂ ಹೀಗೇ ಗುಟ್ಟಾಗಿ ಕೊಟ್ಟು, ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುವ ಚಾಳಿ ನನ್ನದು.

ಆಕೆ ಸಭೆಯಲ್ಲಿ ನೋಟುಗಳನ್ನು ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು: “ಇದು ಇಂಡಿಯಾದ ಮಾಮಾ ಕೊಟ್ಟಿದ್ದು.”

ಯಾರೂ ಮಾತಾಡಲಿಲ್ಲ. ಅಧ್ಯಕ್ಷೆ ನೋಟುಗಳನ್ನು ನನ್ನ ಮುಂದೆ ಸರಿಸಿದರು. ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳು ಹಿಂಜರಿಯುತ್ತಾ ಅವರ ಮಾತನ್ನು ತಿಳಿಸಿದಳು: “ನೀವು ಹೊರಟುಹೋದ ಮೇಲೆ ಅವಳು ಯಾರನ್ನು ಕೇಳಬೇಕು? ನಮ್ಮನ್ನು ತಾನೇ? ಹಾಗಿದ್ದರೆ ಈಗಲೇ ಕೇಳಲಿ.”

ಕಿವಿ ಬಿಸಿಯಾಯಿತು. ಅಷ್ಟು ಹೊತ್ತಿಗೆ ಅವರು ಮುಂದಿನ ಕೆಲಸಕ್ಕೆ ಹೋಗಿಯಾಗಿತ್ತು. ಕಷ್ಟಕಾಲಕ್ಕೆಂದು ಬೇರೆಯಾಗಿ ಕೂಡಿಟ್ಟ ನಿಧಿಯಿಂದ ಮಗುವಿನ ಔಷಧಿಗೆ ಹಣ ಕೊಟ್ಟರು, ಕಂತಿಗೆ ನಾಲ್ಕು ವಾರದ ಗಡುವು ಹಾಕಿದರು. ಆಕೆ ತಲೆಯೆತ್ತಿ ಕೂತಳು. ದಾರಿಯಲ್ಲಿ ನನ್ನಿಂದ ದುಡ್ಡು ಇಸಿದುಕೊಂಡಾಗ ಹಾಗಿರಲಿಲ್ಲ, ನೆನಪಿದೆ.

ಆಮೇಲೆ ಅಧ್ಯಕ್ಷೆ ನನ್ನತ್ತ ತಿರುಗಿ ಏನೋ ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಗುಂಪಿಗೆ ಗೊತ್ತಾಗದಂತೆ ಕಂತಿನ ಹಣ ಕೊಟ್ಟಿದ್ದಕ್ಕೆ ನನಗೆ ಐನೂರು ಶಿಲಿಂಗ್ ದಂಡ! ಅಷ್ಟು ವರ್ಷ ಬ್ಯಾಂಕಿನಲ್ಲಿ ಒಮ್ಮೆಯೂ ದಂಡ ಕಟ್ಟದವಳು ಅಂದು ದಂಡದ ಬಟ್ಟಲಿಗೆ ಐನೂರು ಹಾಕಿದೆ.

ನಾನು ಹೊರಡುವ ವಾರ, ಬೀಗ ತೆಗೆಯುವ ಮುಂಚೆ ಅಧ್ಯಕ್ಷೆ ನನ್ನ ಕಡೆ ಬೆರಳು ತೋರಿಸಿದರು. ಮೊತ್ತ ಒಪ್ಪಿಸುವ ಸರದಿ ನನ್ನದು. ಎದೆ ಡವಡವ. ಸ್ವಾಹಿಲಿಯಲ್ಲಿ ಲಕ್ಷಕ್ಕೆ ‘ಲಾಕಿ’ ಎನ್ನುವುದೊಂದೇ ನನ್ನ ಪುಣ್ಯ.

“ಲಾಕಿ ತಾತು ನಾ ಎಲ್ಫು ಅರೋಬೈನಿ,” ಅಂದೆ. ಮೂರು ಲಕ್ಷದ ನಲವತ್ತು ಸಾವಿರ.

ಯಾರೂ ತಿದ್ದಲಿಲ್ಲ. ಮೂವರು ಎದ್ದು ಕೀಲಿ ತೆಗೆದರು.