ಸಂಜೆಯ ವಾರ್ತೆಗೆ ಕಾದಿದ್ದ ಕಾಲ

ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೊಂದು ರೇಡಿಯೋ ಇತ್ತು. ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ ಅದರ ಕೀಲಿ ಚೇರ್ಮನ್ನರ ಸೊಂಟದಲ್ಲಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ದನ ಕಟ್ಟಿ, ಕೈಕಾಲು ತೊಳೆದು ಬಂದ ಗಂಡಸರು ಜಗಲಿಯ ಮೇಲೆ ಕೂರುತ್ತಿದ್ದರು. ಮಕ್ಕಳಾದ ನಾವು ಅವರ ಕಾಲ ಬುಡದಲ್ಲಿ ಮುದುರಿಕೊಳ್ಳುತ್ತಿದ್ದೆವು. ದೆಹಲಿಯಿಂದ ಕನ್ನಡ ವಾರ್ತೆ ಬರುವತನಕ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಾಗಲೇಬೇಕೆಂಬ ತಳಮಳವೂ ಇಲ್ಲ.

1962ರ ಅಕ್ಟೋಬರ್ ಕೊನೆಯ ವಾರ. ದೀಪಾವಳಿ ಬಂದಿದ್ದರೂ ಊರಿನಲ್ಲಿ ಹಬ್ಬದ ಕಳೆಯಿರಲಿಲ್ಲ. 20ನೇ ತಾರೀಖು ಚೀನಾದ ಸೈನ್ಯ ಹಿಮಾಲಯದ ಗಡಿಯಲ್ಲಿ ನಮ್ಮವರ ಮೇಲೆ ಬಿದ್ದಿತ್ತು. ಆ ಸುದ್ದಿಯ ಬೆನ್ನಿಗೇ ಇನ್ನೊಂದು ಹೆಸರು ಬರುತ್ತಿತ್ತು: ಕ್ಯೂಬಾ. ಎರಡು ದೊಡ್ಡ ದೇಶಗಳು ಅಣುಬಾಂಬು ಹಿಡಿದು ಎದುರುಬದುರು ನಿಂತಿವೆಯಂತೆ. "ಅಮೆರಿಕದ ಅಧ್ಯಕ್ಷ ಏನ್ ಮಾಡ್ತಾನೋ" ಎಂದು ಯಾರೋ ಅಂದಾಗ ನಮ್ಮ ತಾತ ಎಲೆಯಡಿಕೆಯನ್ನು ದವಡೆಗೆ ಸರಿಸಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣಪ್ಪ. ಅಷ್ಟು ಅವನಿಗೆ ತಿಳಿದಿದ್ರೆ ಸಾಕು."

ತಾತನಿಗೆ ಕ್ಯೂಬಾ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಅಧ್ಯಕ್ಷ ಕೆನೆಡಿಯ ಹೆಸರು ಮಾತ್ರ ಗೊತ್ತಿತ್ತು. ಶಾಲೆಯಲ್ಲಿ ನಮಗೆ ಕದಡಿ ಕೊಡುತ್ತಿದ್ದ ಹಾಲಿನಪುಡಿ ಅಮೆರಿಕದಿಂದ ಬಂದದ್ದು ಎಂದು ಮೇಷ್ಟ್ರು ಹೇಳಿದ್ದರಲ್ಲ!

ಆ ದಿನಗಳಲ್ಲಿ ಶ್ವೇತಭವನದೊಳಗೆ ನಡೆದದ್ದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಕ್ಟೋಬರ್ 16ರ ಬೆಳಿಗ್ಗೆ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅಧ್ಯಕ್ಷರ ಮಲಗುವ ಕೋಣೆಗೇ ಹೋಗಿ ಸುದ್ದಿ ಮುಟ್ಟಿಸಿದರು. ಫ್ಲಾರಿಡಾದಿಂದ 90 ಮೈಲಿ ದೂರದ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳ ನೆಲೆ ಏಳುತ್ತಿತ್ತು. ಸೇನಾ ಮುಖ್ಯಸ್ಥರು ದಾಳಿ ಮಾಡೋಣ ಎಂದರು. ವಾಯುಪಡೆಯ ಕರ್ಟಿಸ್ ಲಿಮೇ ಅಂತೂ ತಡ ಮಾಡುವುದನ್ನೇ ಹೇಡಿತನವೆಂಬಂತೆ ಮಾತಾಡಿದರು. ಕೆನೆಡಿ ಎಲ್ಲರ ಮಾತು ಕೇಳಿಸಿಕೊಂಡು ಆರು ದಿನ ಯೋಚಿಸಿದರು. 22ರ ಸಂಜೆ ದೂರದರ್ಶನದಲ್ಲಿ ಜನರ ಮುಂದೆ ಕೂತಾಗ ಅವರ ಕೈಯಲ್ಲಿ ಇದ್ದದ್ದು ಬಾಂಬಿನ ಆಜ್ಞೆಯಲ್ಲ, ಕ್ಯೂಬಾಕ್ಕೆ ಆಯುಧ ಹೊತ್ತು ಬರುವ ಹಡಗುಗಳನ್ನು ತಡೆಯುವ ತೀರ್ಮಾನ. ದಿಗ್ಬಂಧನವೆಂದರೆ ಯುದ್ಧ ಸಾರಿದಂತಾದೀತೆಂದು ಅದನ್ನು ಕ್ವಾರಂಟೈನ್ ಎಂದು ಕರೆದರು. ಎದುರಾಳಿಗೆ ಹಿಂದೆ ಸರಿಯಲು ಒಂದು ಬಾಗಿಲು ತೆರೆದಿಟ್ಟ ಹಾಗೆ.

ಆಮೇಲಿನದು ಕಾಯುವ ಕೆಲಸ. ಮಾಸ್ಕೋದಿಂದ ಸೋವಿಯತ್ ನಾಯಕ ಕ್ರುಶ್ಚೇವ್ ಬರೆದ ಕಾಗದ ವಾಷಿಂಗ್ಟನ್ ಮುಟ್ಟಿ, ಅನುವಾದವಾಗಿ ಕೈಸೇರಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ಕಳಿಸುವ ಗುಪ್ತ ತಂತಿಯನ್ನು ಒಯ್ಯಲು ವೆಸ್ಟರ್ನ್ ಯೂನಿಯನ್ನಿನ ಹುಡುಗ ಸೈಕಲ್ ತುಳಿದುಕೊಂಡು ಬರುತ್ತಿದ್ದನಂತೆ. ಇದನ್ನು ಓದಿದಾಗ ನನಗೆ ನಮ್ಮೂರ ಅಂಚೆಯವನ ಸೈಕಲ್ ಗಂಟೆ ಕೇಳಿಸಿತು. ಲೋಕದ ಅಳಿವು ಉಳಿವು ಒಬ್ಬ ಹುಡುಗನ ಪೆಡಲಿನ ಮೇಲೆ ನಿಂತಿತ್ತು!

27ರ ಶನಿವಾರ ಕ್ಯೂಬಾದ ಮೇಲೆ ಅಮೆರಿಕದ ಯು-2 ಬೇಹು ವಿಮಾನ ಹೊಡೆತಕ್ಕೆ ಸಿಕ್ಕಿ ಉರುಳಿ ಪೈಲಟ್ ರುಡಾಲ್ಫ್ ಆಂಡರ್ಸನ್ ಸತ್ತರು. ತಿರುಗಿ ಹೊಡೆಯಬೇಕೆಂಬ ಒತ್ತಾಯ ಬಲವಾಗಿತ್ತು. ಕೆನೆಡಿ ತಡೆದರು. ಅಂದು ಬಂದಿದ್ದ ಬಿರುಸಿನ ಪತ್ರವನ್ನು ಪಕ್ಕಕ್ಕಿಟ್ಟು, ಹಿಂದಿನ ದಿನದ ಮೆತ್ತನೆಯ ಪತ್ರಕ್ಕೆ ಉತ್ತರ ಬರೆಸಿದರು. ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯುವುದಾಗಿ ಗುಟ್ಟಾಗಿ ಒಪ್ಪಿಕೊಂಡರು. ಮರುದಿನ ಕ್ರುಶ್ಚೇವ್ ಕ್ಷಿಪಣಿ ಹಿಂತೆಗೆಯುವುದಾಗಿ ಮಾಸ್ಕೋ ರೇಡಿಯೋ ಸಾರಿತು. ಗೆದ್ದೆವೆಂದು ಯಾರೂ ಬೀಗಬಾರದು ಎಂದು ಕೆನೆಡಿ ತಮ್ಮವರಿಗೆ ಕಟ್ಟಪ್ಪಣೆ ಮಾಡಿದ್ದರು.

ಈ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಕಲಿತದ್ದು. 1961ರ ಏಪ್ರಿಲ್‌ನಲ್ಲಿ, ಅಧಿಕಾರಕ್ಕೆ ಬಂದು ಮೂರು ತಿಂಗಳಾಗುವಷ್ಟರಲ್ಲಿ, ಅವರ ಸರ್ಕಾರ ಸುಮಾರು 1,400 ಮಂದಿ ಕ್ಯೂಬನ್ ದೇಶಭ್ರಷ್ಟರನ್ನು ಕ್ಯೂಬಾದ ಬೇ ಆಫ್ ಪಿಗ್ಸ್ ದಂಡೆಗೆ ಇಳಿಸಿ ಸೋತು ಸುಣ್ಣವಾಯಿತು. ಬೇಹುಗಾರಿಕೆಯವರು ದಾರಿ ತಪ್ಪಿಸಿದರು, ಸೈನ್ಯ ತಪ್ಪು ಲೆಕ್ಕ ಕೊಟ್ಟಿತು ಎಂದು ಜಾರಿಕೊಳ್ಳಬಹುದಿತ್ತು. ಪತ್ರಕರ್ತರ ಮುಂದೆ ನಿಂತು, ಸರ್ಕಾರದ ಹೊಣೆ ಹೊತ್ತವನು ನಾನೇ ಎಂದರು. ಜನ ಕೈಬಿಡಲಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಬೆಂಬಲ 83 ಪ್ರತಿಶತಕ್ಕೆ ಏರಿತು. ತಪ್ಪು ನನ್ನದು ಎಂಬ ಮಾತಿಗೆ ಆಗ ಅಷ್ಟು ಬೆಲೆಯಿತ್ತು.

ಹಾಗೆಂದು ಕಾಯುವುದೆಲ್ಲ ಒಳ್ಳೆಯದೇ ಎನ್ನಲಾರೆ. ತಮ್ಮದೇ ಮನೆಯ ಕಪ್ಪು ಜನರ ವಿಷಯದಲ್ಲಿ ಕೆನೆಡಿ ಬಹಳ ತಡ ಮಾಡಿದರು. 1962ರ ಸೆಪ್ಟೆಂಬರ್ ಕೊನೆಗೆ ಜೇಮ್ಸ್ ಮೆರೆಡಿತ್ ಎಂಬ ಒಬ್ಬ ವಿದ್ಯಾರ್ಥಿ ಮಿಸಿಸಿಪಿ ವಿಶ್ವವಿದ್ಯಾಲಯ ಸೇರಲು ಸೈನ್ಯವನ್ನೇ ಕಳಿಸಬೇಕಾಯಿತು. ಆ ಗಲಭೆಯಲ್ಲಿ ಇಬ್ಬರು ಸತ್ತರು. 1963ರ ಜೂನ್ 11ರ ರಾತ್ರಿ, ಲಿಂಕನ್ ಗುಲಾಮರನ್ನು ಬಿಡಿಸಿ ನೂರು ವರ್ಷವಾದರೂ ಅವರ ಮೊಮ್ಮಕ್ಕಳು ಇನ್ನೂ ಸ್ವತಂತ್ರರಲ್ಲ ಎಂದು ದೇಶದ ಮುಂದೆ ಒಪ್ಪಿಕೊಂಡು, ಸಮಾನ ಹಕ್ಕಿನ ಕಾನೂನು ತರುವುದಾಗಿ ಹೇಳಿದರು. ಕೆಲವೇ ಗಂಟೆಗಳಲ್ಲಿ ಮಿಸಿಸಿಪಿಯಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕ ಸಲಹೆಗಾರರ ಸಂಖ್ಯೆ 16,000 ಮುಟ್ಟಿದ್ದೂ ಅವರ ಕಾಲದಲ್ಲೇ. ಹಳೆಯದನ್ನು ನೆನೆಯುವವರು ಇವನ್ನೂ ಮರೆಯಬಾರದು.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನೆಡಿ ಗುಂಡಿಗೆ ಬಲಿಯಾದಾಗ ನಮ್ಮಲ್ಲಿ ನಡುರಾತ್ರಿ. ಮರುದಿನ ಶನಿವಾರ, ಬೆಳಗಿನ ಶಾಲೆ. ಮೇಷ್ಟ್ರು ಹಾಜರಿ ಕರೆಯುವ ಮೊದಲು ನಮ್ಮನ್ನು ಎದ್ದು ನಿಲ್ಲಿಸಿ ಸುದ್ದಿ ಹೇಳಿದರು. ಮನೆಗೆ ಓಡಿಬಂದು ಹೇಳಿದೆ. ತಾತ ಬಹಳ ಹೊತ್ತು ಮಾತಾಡಲಿಲ್ಲ. "ಮೂಗು ಉಳಿಸಿದ್ದ ಕಣೋ" ಎಂದರು, ಅಷ್ಟೆ.

ಈಗ ಆ ಕಟ್ಟೆಯಿಲ್ಲ. ಸುದ್ದಿಗಾಗಿ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ. ಪ್ರತಿಯೊಬ್ಬರ ಅಂಗೈಯಲ್ಲೂ ಲೋಕ ಹೊತ್ತಿಗೆ ಹತ್ತು ಸಲ ನಡುಗುತ್ತದೆ. ದೊಡ್ಡ ದೇಶದ ಬೆದರಿಕೆ ನಡುರಾತ್ರಿ ಎರಡು ಸಾಲಿನಲ್ಲಿ ಬರುತ್ತದೆ. ಇತ್ತ ಕಡೆಯವರು ಬೆಳಗಾಗುವುದರೊಳಗೆ ನಾಲ್ಕು ಸಾಲಿನಲ್ಲಿ ತಿರುಗೇಟು ಕೊಡುತ್ತಾರೆ. ಬಿರುಸಿನ ಪತ್ರವನ್ನು ಪಕ್ಕಕ್ಕಿಡಲು ಮೇಜೇ ಇಲ್ಲದಂತಾಗಿದೆ. ಸೋತರೆ ಹೊಣೆ ಹಿಂದಿನವರದ್ದು, ಗೆದ್ದರೆ ತುತ್ತೂರಿ.

ಹೊಸತನ್ನು ಪೂರಾ ಬಯ್ಯಲು ಮನಸ್ಸು ಬಾರದು. ಪತ್ರ ತಡವಾದರೆ ಲೋಕವೇ ಸುಟ್ಟೀತೆಂದು ಹೆದರಿದ ಮೇಲೆಯೇ 1963ರ ಆಗಸ್ಟ್‌ನಲ್ಲಿ ಮಾಸ್ಕೋ ವಾಷಿಂಗ್ಟನ್ ನಡುವೆ ನೇರ ತಂತಿ ಹಾಕಿದ್ದು. ಅಣುಪರೀಕ್ಷೆ ಮಿತಿಗೊಳಿಸುವ ಒಪ್ಪಂದವೂ ಅದೇ ತಿಂಗಳು ಆಯಿತು. ಕ್ಯೂಬಾ ಬಿಕ್ಕಟ್ಟಿನ ಸಭೆಗಳನ್ನು ಕೆನೆಡಿ ಗುಟ್ಟಾಗಿ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅವನ್ನು ನಾನು ಕೇಳಿದ್ದು ಮೊಮ್ಮಗಳು ಕೊಡಿಸಿದ ಫೋನಿನಲ್ಲೇ. ಕುರ್ಚಿ ಕರಕರ ಎನ್ನುತ್ತದೆ, ಯಾರೋ ಕೆಮ್ಮುತ್ತಾರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ನಡುವೆ ಅಧ್ಯಕ್ಷರ ಪ್ರಶ್ನೆ. ದನಿ ಏರುವುದಿಲ್ಲ.

ಕೇಳುತ್ತಾ ಕೂತಾಗ ಒಂದು ಸಂಗತಿ ಹೊಳೆಯಿತು. ಆ ಆರು ದಿನ ಅವರಿಗೆ ದಕ್ಕಿದ್ದು, ಹೊರಗಿನ ಜನ ಸಂಜೆಯ ವಾರ್ತೆಗೆ ಕಾಯಲು ಬಲ್ಲವರಾಗಿದ್ದರಿಂದ. ಇಂದು ಒಂದು ಗಂಟೆ ಉತ್ತರ ಬಾರದಿದ್ದರೆ ನಾಯಕನನ್ನು ಹೇಡಿ ಎನ್ನುವವರು ನಾವೇ, ಹೊಡಿ ಬಡಿ ಎಂದವನಿಗೆ ಚಪ್ಪಾಳೆ ತಟ್ಟುವವರೂ ನಾವೇ. ಯೋಚಿಸಿ ನಡೆಯುವ ನಾಯಕ ಬೇಕೆಂದರೆ ಅವನಿಗೆ ಯೋಚಿಸಲು ಹೊತ್ತು ಕೊಡಬೇಕು. ಸಂಜೆಯವರೆಗೆ ಕಾಯುವುದನ್ನು ಮೊದಲು ನಾವು ಮತ್ತೆ ಕಲಿಯೋಣ.